ಗಡಿಯ ದ್ವೀಪದಲ್ಲಿ ಉಳಿದ ದೇವತೆಗಳು

ಈಜಿಪ್ಟ್ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುವು ಪಿರಮಿಡ್ಡುಗಳು, ಸಿಂಹದೇಹದ ಸ್ಫಿಂಕ್ಸ್, ಬಟ್ಟೆ ಸುತ್ತಿದ ಮಮ್ಮಿಗಳು. ಆ ನಾಡಿನ ಜನರು ಮೂರು ಸಾವಿರ ವರ್ಷಗಳಿಗೂ ಮಿಗಿಲಾಗಿ ಪೂಜಿಸಿದ ದೇವತೆಗಳ ಪರಿಚಯ ನಮ್ಮಲ್ಲಿ ಅಷ್ಟಾಗಿ ಇಲ್ಲ. ಆ ಪೂಜೆಯ ಕೊನೆಯ ದೀಪ ಉರಿದುದು ರಾಜಧಾನಿಯ ಮಹಾಮಂದಿರಗಳಲ್ಲಲ್ಲ, ದಕ್ಷಿಣದ ಗಡಿಯಲ್ಲಿ ನೈಲ್ ನದಿಯ ನಡುವೆ ಇದ್ದ ಫಿಲೇ ಎಂಬ ಪುಟ್ಟ ದ್ವೀಪದಲ್ಲಿ. ಆ ವೃತ್ತಾಂತವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಊರಿಗೊಂದು ದೇವರು

ಪ್ರಾಚೀನ ಈಜಿಪ್ಟಿನಲ್ಲಿ ಊರೂರಿಗೂ ತನ್ನದೇ ಆದ ದೇವರಿದ್ದನು. ಮೆಂಫಿಸ್ ನಗರದಲ್ಲಿ ಶಿಲ್ಪಿಗಳ ಒಡೆಯನಾದ ಪ್ತಾಹ್, ಥೀಬ್ಸ್ ನಗರದಲ್ಲಿ ಅಗೋಚರನಾದ ಅಮುನ್, ದೆಂದೆರಾದಲ್ಲಿ ಹಸುವಿನ ಕಿವಿಗಳುಳ್ಳ ಹಾಥೋರ್, ಎದ್ಫುವಿನಲ್ಲಿ ಗಿಡುಗನ ರೂಪದ ಹೋರಸ್. ಎಲಿಫೆಂಟೈನ್ ದ್ವೀಪದ ದೇವನಾದ ಖ್ನೂಮ್ ಟಗರಿನ ತಲೆಯವನು. ಕುಂಬಾರನಂತೆ ತಿಗರಿಯ ಮೇಲೆ ಮಣ್ಣಿಟ್ಟು ಮನುಷ್ಯರನ್ನು ರೂಪಿಸುವವನು ಅವನೇ ಎಂದು ಜನ ನಂಬಿದ್ದರು. ಒಂದು ಊರು ಪ್ರಬಲವಾದಾಗ ಅದರ ದೇವರೂ ದೊಡ್ಡವನಾಗುತ್ತಿದ್ದನು. ಥೀಬ್ಸಿನ ಅರಸರು ನಾಡನ್ನಾಳಿದಾಗ ಅವರ ಅಮುನ್, ಸೂರ್ಯನಾದ ರಾ ದೇವನೊಡನೆ ಬೆರೆತು ಅಮುನ್-ರಾ ಎನಿಸಿ ದೇವತೆಗಳಿಗೆಲ್ಲ ಅರಸನಾದನು.

ಇವರೆಲ್ಲರಿಗೂ ಆಧಾರವಾಗಿದ್ದವಳು ಸತ್ಯ ಮತ್ತು ನ್ಯಾಯಗಳ ದೇವಿಯಾದ ಮಾಅತ್. ಅವಳ ಕುರುಹು ಒಂದು ಗರಿ. ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಆ ಗರಿಯನ್ನಿಟ್ಟು ತೂಗುವರು. ನರಿಮುಖದ ಅನೂಬಿಸ್ ತಕ್ಕಡಿಯನ್ನು ನೋಡಿಕೊಳ್ಳುವನು. ಐಬಿಸ್ ಹಕ್ಕಿಯ ತಲೆಯುಳ್ಳ ಥೋತ್ ಫಲಿತಾಂಶವನ್ನು ಬರೆದುಕೊಳ್ಳುವನು. ಬರಹವನ್ನು ಲೋಕಕ್ಕೆ ಕೊಟ್ಟವನೂ ಈ ಥೋತ್. ಆದುದರಿಂದಲೇ ಆ ಜನರು ತಮ್ಮ ಚಿತ್ರಲಿಪಿಯನ್ನು ದೇವರ ಮಾತು ಎಂದು ಕರೆದರು.

ಹೆಸರಿನ ಮಹಿಮೆ

ಹೆಸರು ಉಳಿದರೆ ಜೀವ ಉಳಿಯಿತು, ಹೆಸರು ಅಳಿದರೆ ಸರ್ವವೂ ಅಳಿಯಿತು ಎಂಬುದು ಅವರ ದೃಢವಾದ ನಂಬಿಕೆ. ಇದನ್ನು ತಿಳಿಸುವ ಸೊಗಸಾದ ಕಥೆಯೊಂದು ಪಪೈರಸ್ ಸುರುಳಿಗಳಲ್ಲಿ ದೊರೆತಿದೆ. ಮುಪ್ಪಿನಿಂದ ರಾ ದೇವನ ಬಾಯಿಂದ ಜೊಲ್ಲು ನೆಲಕ್ಕೆ ಸುರಿಯುತ್ತಿತ್ತು. ಚತುರೆಯಾದ ಐಸಿಸ್ ದೇವಿ ಆ ಜೊಲ್ಲನ್ನು ಮಣ್ಣಿನಲ್ಲಿ ಕಲಸಿ ಹಾವೊಂದನ್ನು ಮಾಡಿ ಅವನ ದಾರಿಯಲ್ಲಿಟ್ಟಳು. ಹಾವು ಕಚ್ಚಿತು, ವಿಷವೇರಿತು. “ನಿನ್ನ ನಿಜವಾದ ಹೆಸರನ್ನು ಹೇಳು, ಗುಣಪಡಿಸುವೆನು” ಎಂದಳು ಐಸಿಸ್. ರಾ ತನ್ನ ಬಿರುದುಗಳನ್ನೆಲ್ಲ ಹೇಳಿ ನೋಡಿದನು, ಅವಳು ಒಪ್ಪಲಿಲ್ಲ. ಕಡೆಗೆ ನೋವು ತಾಳಲಾರದೆ ಗುಟ್ಟಿನ ಹೆಸರನ್ನು ಅವಳಿಗೆ ಒಪ್ಪಿಸಿದನು.

ಕ್ರಿಸ್ತಪೂರ್ವ 14ನೆಯ ಶತಮಾನದಲ್ಲಿ ಅಖೆನಾತೆನ್ ಎಂಬ ಅರಸನು ಸೂರ್ಯಬಿಂಬವಾದ ಆತೆನ್ ಒಬ್ಬನೇ ದೇವರೆಂದು ಸಾರಿ, ಅಮುನನ ಹೆಸರನ್ನು ಗೋಡೆಗಳಿಂದ ಉಳಿಯಿಂದ ಕೆತ್ತಿ ತೆಗೆಸಿದನು. ಅವನ ಕಾಲಾನಂತರ ಅಮುನ್ ಮರಳಿ ಬಂದನು. ಅರಸರ ಪಟ್ಟಿಗಳಲ್ಲಿ ಅಖೆನಾತೆನನ ಹೆಸರಿಗೇ ಎಡೆಯಿಲ್ಲವಾಯಿತು!

ಗಡಿಯ ತಾಯಿ

ಓಸಿರಿಸ್ ಅರಸನನ್ನು ತಮ್ಮನಾದ ಸೆತ್ ಕೊಂದು ದೇಹವನ್ನು ತುಂಡರಿಸಿ ಚೆಲ್ಲಿದನು. ಪತ್ನಿ ಐಸಿಸ್ ಅಲೆದಲೆದು ಆ ತುಂಡುಗಳನ್ನು ಕೂಡಿಸಿ, ಅವನಿಂದ ಹೋರಸನನ್ನು ಪಡೆದು, ಜೊಂಡುಹುಲ್ಲಿನ ಮರೆಯಲ್ಲಿ ಬೆಳೆಸಿದಳು. ಈ ತಾಯಿಯ ಮಂದಿರವೇ ಫಿಲೇ. ಪಕ್ಕದ ಬಿಗೇ ದ್ವೀಪದಲ್ಲಿ ಓಸಿರಿಸನ ಸಮಾಧಿಯಿದೆಯೆಂಬ ನಂಬಿಕೆಯಿಂದ, ಹತ್ತು ದಿನಗಳಿಗೊಮ್ಮೆ ದೇವಿಯ ಮೂರ್ತಿಯನ್ನು ದೋಣಿಯಲ್ಲಿ ಅಲ್ಲಿಗೆ ಒಯ್ದು ಹಾಲಿನ ತರ್ಪಣವನ್ನು ಕೊಡಿಸುತ್ತಿದ್ದರು.

ರೋಮಿನ ಚಕ್ರವರ್ತಿ ಥಿಯೋಡೋಸಿಯಸ್ 391 ಮತ್ತು 392ರಲ್ಲಿ ಹಳೆಯ ಪೂಜೆಗಳನ್ನೆಲ್ಲ ನಿಷೇಧಿಸಿದನು. ಆದರೂ ಫಿಲೇಯಲ್ಲಿ ಪೂಜೆ ನಿಲ್ಲಲಿಲ್ಲ. ಏಕೆಂದರೆ ಗಡಿಯಾಚೆಯ ನೂಬಿಯಾದವರಿಗೂ ಬ್ಲೆಮ್ಮೀ ಎಂಬ ಮರುಭೂಮಿಯ ಜನರಿಗೂ ಐಸಿಸ್ ಮನೆದೇವತೆಯಾಗಿದ್ದಳು. ಐದನೆಯ ಶತಮಾನದ ನಡುವಿನಲ್ಲಿ ರೋಮಿನವರು ಇವರನ್ನು ಯುದ್ಧದಲ್ಲಿ ಸೋಲಿಸಿದರೂ, ಸಂಧಿಯ ಕರಾರಿನಲ್ಲಿ ಅವರು ದ್ವೀಪಕ್ಕೆ ಬಂದು ಪೂಜಿಸುವ, ದೇವಿಯ ಮೂರ್ತಿಯನ್ನು ಕೆಲಕಾಲ ತಮ್ಮ ನಾಡಿಗೆ ಒಯ್ದು ಹಿಂದಿರುಗಿಸುವ ಹಕ್ಕನ್ನು ಒಪ್ಪಿಕೊಳ್ಳಬೇಕಾಯಿತು. ಕಟ್ಟಕಡೆಗೆ 535ರಿಂದ 537ರ ಸುಮಾರಿಗೆ ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಂತೆ ಮಂದಿರದ ಬಾಗಿಲು ಮುಚ್ಚಿತು. ಮೂರ್ತಿಗಳನ್ನು ಕಾನ್‌ಸ್ಟಾಂಟಿನೋಪಲ್ಲಿಗೆ ಸಾಗಿಸಿದರು.

ಮೂಕವಾದ ಗೋಡೆಗಳು

ಬಾಗಿಲು ಮುಚ್ಚುವ ಮುನ್ನವೇ ಇನ್ನೊಂದು ಕೊಂಡಿ ಕಳಚತೊಡಗಿತ್ತು. 394ರ ಆಗಸ್ಟ್ 24ರಂದು ನೆಸ್ಮೆತೆರಾಖೆಮ್ ಎಂಬ ಅರ್ಚಕನು ಫಿಲೇಯ ಗೋಡೆಯ ಮೇಲೆ ನೂಬಿಯಾದ ದೇವನಾದ ಮಾಂಡೂಲಿಸನ ಚಿತ್ರದ ಬಳಿ ಕೆಲವು ಸಾಲುಗಳನ್ನು ಕೆತ್ತಿಸಿದನು. ಇದುವರೆಗೆ ತಿಳಿದಿರುವಂತೆ ಚಿತ್ರಲಿಪಿಯ ಕೊನೆಯ ಶಾಸನ ಇದೇ. ನಿತ್ಯದ ವ್ಯವಹಾರದ ಡೆಮೋಟಿಕ್ ಲಿಪಿಯ ಕೊನೆಯ ಬರಹವೂ ಅಲ್ಲಿಯದೇ, 452ರದು. ಬಳಿಕ ಸುಮಾರು 1400 ವರ್ಷಗಳ ಕಾಲ ಗೋಡೆಗಳ ತುಂಬ ದೇವತೆಗಳ ಹೆಸರುಗಳಿದ್ದರೂ ಅವನ್ನು ಓದಬಲ್ಲವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ.

ಆದರೆ ಲಿಪಿ ಸತ್ತರೂ ನುಡಿ ಪೂರ್ತಿಯಾಗಿ ಸತ್ತಿರಲಿಲ್ಲ. ಕ್ರೈಸ್ತರಾದ ಈಜಿಪ್ಟಿನವರು ತಮ್ಮ ಹಳೆಯ ಮಾತನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದುಕೊಂಡರು. ಕಾಪ್ಟಿಕ್ ಎಂಬ ಆ ನುಡಿ, ಮನೆಮಾತಾಗಿ ಅರಬ್ಬಿಯು ನೆಲೆಗೊಂಡ ಮೇಲೂ ಅವರ ಪ್ರಾರ್ಥನೆಗಳಲ್ಲಿ ಉಳಿದುಬಂದಿತು, ಇಂದಿಗೂ ಇದೆ. ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್ ಎಳವೆಯಿಂದಲೇ ಕಾಪ್ಟಿಕ್ ಕಲಿತಿದ್ದನು. ರೊಸೆಟ್ಟಾ ಶಿಲೆಯ ಪ್ಟಾಲೆಮಿ ಎಂಬ ಹೆಸರನ್ನು ಫಿಲೇಯಿಂದಲೇ ಬಂದ ಸ್ತಂಭದ ಕ್ಲಿಯೋಪಾತ್ರ ಎಂಬ ಹೆಸರಿನೊಡನೆ ಹೋಲಿಸಿ ಅಕ್ಷರಗಳ ಧ್ವನಿಯನ್ನು ಗುರುತಿಸಿದನು. 1822ರಲ್ಲಿ ಅರಸನೊಬ್ಬನ ಹೆಸರಿನಲ್ಲಿ ಸೂರ್ಯಬಿಂಬದ ಚಿತ್ರವನ್ನು ಕಂಡು, ಕಾಪ್ಟಿಕ್ ನುಡಿಯಲ್ಲಿ ಸೂರ್ಯನಿಗೆ ‘ರೇ’ ಎನ್ನುವರೆಂಬುದನ್ನು ನೆನೆದು, ಅದನ್ನು ರಾಮ್ಸೆಸ್ ಎಂದು ಓದಿದನು. ಹೀಗೆ ಪ್ರಾರ್ಥನೆಯ ಪುಸ್ತಕದಲ್ಲಿ ಉಳಿದಿದ್ದ ಒಂದು ಪದದಿಂದ ರಾ ದೇವನ ಹೆಸರಿಗೆ ಮತ್ತೆ ಧ್ವನಿ ಬಂದಿತು.

ಫಿಲೇಯ ಮಂದಿರ 20ನೆಯ ಶತಮಾನದಲ್ಲಿ ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. 1972ರಿಂದ 1980ರವರೆಗೆ ಯುನೆಸ್ಕೋದ ನೆರವಿನಿಂದ ಸುಮಾರು 40,000 ಕಲ್ಲುಗಳನ್ನು ಬಿಡಿಸಿ, ಸಮೀಪದ ಅಗಿಲ್ಕಿಯಾ ದ್ವೀಪದಲ್ಲಿ ಮರಳಿ ಜೋಡಿಸಿದರು. ನೆಸ್ಮೆತೆರಾಖೆಮನ ಸಾಲುಗಳೂ ಅಲ್ಲಿವೆ. ಕಲ್ಲನ್ನು ಉಳಿಸಲು ರಾಷ್ಟ್ರಗಳೇ ಕೈಜೋಡಿಸಬೇಕಾಯಿತು. ಆ ಕಲ್ಲನ್ನು ಓದುವಂತೆ ಮಾಡಿದ ನುಡಿಯನ್ನು ಉಳಿಸಿದವರಾದರೋ ತಲೆಮಾರುಗಳ ಕಾಲ ಅದನ್ನು ಬಿಡದೆ ಹೇಳಿಕೊಂಡು ಬಂದ ಸಾಮಾನ್ಯ ಜನರು. ಗಡಿಯಲ್ಲಿ ಬಾಳುವ ನಮಗೆ ಈ ಮಾತಿನ ಬೆಲೆಯನ್ನು ಬೇರೆಯವರು ತಿಳಿಸಬೇಕಾದುದಿಲ್ಲ.