ಮರವೂ ತನ್ನ ಕಾವಲು ಕಾಯುತ್ತದೆ



ಹುಳು ತಿನ್ನುತ್ತದೆ, ಗಿಡ ಸುಮ್ಮನೆ ತಿನ್ನಿಸಿಕೊಳ್ಳುತ್ತದೆ; ಕಾಪಾಡಬೇಕಾದುದು ನಾವು ಹೊಡೆಸುವ ಔಷಧಿ ಮಾತ್ರ ಎಂದು ಬಹುಕಾಲ ನಂಬಿದ್ದೆವು. ಯುರೋಪಿನ ಪೈನ್, ಸ್ಪ್ರೂಸ್ ಮರಗಳ ಬಗೆಗಿನ ಸಂಶೋಧನೆಗಳನ್ನು ಓದಿದ ಮೇಲೆ ಆ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಯಿತು.

ಇವು ಸೂಜಿಯಂಥ ಎಲೆಯ ಮರಗಳು. ಇವುಗಳ ಮೊದಲ ಆಯುಧ ರಾಳ. ತೊಗಟೆಯನ್ನು ದುಂಬಿ ಕೊರೆದೊಡನೆ ರಾಳ ಉಕ್ಕಿ ಬಂದು ಅದನ್ನು ಹೊರಕ್ಕೆ ತಳ್ಳುತ್ತದೆ, ಇಲ್ಲವೇ ಅಲ್ಲಿಯೇ ಮುಳುಗಿಸುತ್ತದೆ. ಟರ್ಪೆಂಟೈನ್ ಅಂಶ ಆರಿಹೋದ ಮೇಲೆ ಉಳಿದದ್ದು ಗಟ್ಟಿಯಾಗಿ ಗಾಯವನ್ನು ಮುಚ್ಚುತ್ತದೆ. ಅಷ್ಟೇ ಅಲ್ಲ. ಪೆಟ್ಟು ಬಿದ್ದ ಮರದೊಳಗೆ ಜಾಸ್ಮೊನಿಕ್ ಆಮ್ಲವೆಂಬ ವಸ್ತು ಹೆಚ್ಚುತ್ತದೆ. ಇದು ಊರಲ್ಲಿ ಡಂಗುರ ಸಾರಿದಂತೆ. ಇದರಿಂದಾದ ಒಂದು ರಾಸಾಯನಿಕವನ್ನು ಸ್ಪ್ರೂಸ್ ಮರಕ್ಕೆ ಹಚ್ಚಿದಾಗ, ಯಾವ ಹುಳುವೂ ಕಡಿಯದಿದ್ದರೂ ಮರ ಹೊಸ ರಾಳನಾಳಗಳನ್ನು ಕಟ್ಟಿಕೊಂಡಿತೆಂದು 2002ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ಅದೇ ವರ್ಷ ಬರ್ಲಿನ್ನಿನ ವಿಜ್ಞಾನಿ ಮೋನಿಕಾ ಹಿಲ್ಕರ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಗತಿ ಇನ್ನೂ ಸೋಜಿಗದ್ದು. ಗರಗಸ ನೊಣವು ಪೈನ್ ಎಲೆಯನ್ನು ಸೀಳಿ ಅದರೊಳಗೆ ಮೊಟ್ಟೆಯಿಡುತ್ತದೆ. ಮೂರು ದಿನ ಕಳೆಯುವಷ್ಟರಲ್ಲಿ ಎಲೆಗಳು ಸೂಸುವ ವಾಸನೆ ಬದಲಾಗುತ್ತದೆ. ಆ ಜಾಡು ಹಿಡಿದು ಬರುವ ಸಣ್ಣ ಕಣಜವೊಂದು ನೊಣದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ನಾಶಮಾಡುತ್ತದೆ. ಮನುಷ್ಯ ಎಲೆಯನ್ನು ಬರಿದೇ ಸೀಳಿದರೆ ಕಣಜ ಬರುವುದಿಲ್ಲ. ಮೊಟ್ಟೆಯೊಡನೆ ಬರುವ ನೊಣದ ಸ್ರಾವ ತಗಲಬೇಕು. ಗಾಯ ಯಾವುದು, ಶತ್ರು ಯಾವುದು ಎಂಬ ಭೇದ ಮರಕ್ಕೆ ತಿಳಿಯುತ್ತದೆಂದಾಯಿತು.

ಆದರೆ ಈ ರಕ್ಷಣೆ ಪುಕ್ಕಟೆಯದಲ್ಲ. ರಾಳ ತಯಾರಾಗಲು ಆಹಾರ ಬೇಕು, ಅದು ಉಕ್ಕಲು ನೀರು ಬೇಕು. 2018ರ ಬರದ ನಂತರ ಮಧ್ಯ ಯುರೋಪಿನಲ್ಲಿ ಬಾಯಾರಿ ಸೊರಗಿದ ಸ್ಪ್ರೂಸ್ ಮರಗಳು ತೊಗಟೆ ದುಂಬಿಯನ್ನು ತಡೆಯಲಾರದೆ ಗುಡ್ಡಗುಡ್ಡವೇ ಒಣಗಿದವು. ದುಂಬಿಯೂ ಜಾಣ: ಮರದ ರಾಳದಲ್ಲಿರುವ ಪೈನೀನನ್ನೇ ಮಾರ್ಪಡಿಸಿ ತನ್ನ ಬಳಗವನ್ನು ಕರೆಯುವ ವಾಸನೆ ಮಾಡಿಕೊಳ್ಳುತ್ತದೆ.

ನಮ್ಮ ಕಾಫಿ ಗಿಡ ಪೈನ್ ಅಲ್ಲ. ಅದಕ್ಕೆ ರಾಳದ ಕೋಟೆಯಿಲ್ಲ. ಆದರೂ ನಮಗಿಲ್ಲಿ ಪಾಠವಿದೆ. ಒಮ್ಮೆ ಫಸಲಿನ ಆಸೆಗೆ ನಾವು ಅರೇಬಿಕಾ ತೋಟದಲ್ಲಿ ಮರಗಸಿಯನ್ನು ಅತಿಯಾಗಿ ಮಾಡಿಸಿದೆವು. ಬಿಳಿ ಕಾಂಡಕೊರಕ ಅರಸುವುದು ಬಿಸಿಲಿಗೆ ತೆರೆದ ಗಿಡವನ್ನೇ. ಮುಂದೆ ಸಾಲುಸಾಲು ಗಿಡಗಳನ್ನು ಕಿತ್ತು ಸುಡಬೇಕಾಯಿತು. ಆ ತಪ್ಪು ಹುಳುವಿನದಲ್ಲ, ನಮ್ಮದೇ.

ಆದುದರಿಂದ ನಮ್ಮ ವಿನಂತಿ ಇಷ್ಟೇ. ನೆರಳನ್ನು ಹದವಾಗಿಡಿ. ಬೇಸಗೆಯಲ್ಲಿ ಬುಡಕ್ಕೆ ತರಗೆಲೆ ಹೊದಿಸಿ ತೇವ ಕಾಪಾಡಿ. ಹುಳು ಕಂಡೊಡನೆ ಸ್ಪ್ರೇಯರ್ ಎತ್ತುವ ಮೊದಲು, ಅದನ್ನು ತಿನ್ನುವ ಕಣಜ, ಜೇಡಗಳು ತೋಟದಲ್ಲಿವೆಯೇ ಎಂದು ನೋಡಿ. ಕಂಡಕಂಡಲ್ಲಿ ಹೊಡೆದ ಔಷಧಿ ಅವನ್ನೂ ಕೊಲ್ಲುತ್ತದೆ. ಗಿಡ ತನ್ನ ಕೆಲಸ ತಾನು ಮಾಡುತ್ತಿರುವಾಗ ಅದರ ಕೈ ಕಟ್ಟದಿರುವುದೂ ಒಂದು ಬೇಸಾಯವೇ.