ಹೊಂಗೆ, ಹೊನ್ನೆ ಮತ್ತು ಡೀಸೆಲ್ ಎಂಜಿನು

ಡೀಸೆಲ್ ಇಲ್ಲದೆ ನಮ್ಮ ಜಿಲ್ಲೆಯಲ್ಲಿ ಒಂದು ದಿನವೂ ಸಾಗಲಾರದು. ಕಾಪು, ಕಾರ್ಕಳಗಳ ಕಡೆಯಿಂದ ಬಂದು ಮಣಿಪಾಲದ ಗುಡ್ಡವನ್ನೇರುವ ಬಸ್ಸುಗಳು, ಮಲ್ಪೆಯ ಬಂದರಿನಿಂದ ಕಡಲಿಗೆ ಹೊರಡುವ ಯಾಂತ್ರಿಕ ದೋಣಿಗಳು, ಕಲ್ಲು ಹೊರುವ ಲಾರಿಗಳು ಬಹುಮಟ್ಟಿಗೆ ಈ ಒಂದು ಇಂಧನವನ್ನೇ ನಂಬಿಕೊಂಡಿವೆ. ಅದರ ಜೊತೆಗೆ ಬರುವ ಹೊಗೆಯನ್ನೂ ನಾವು ಸಹಿಸಿಕೊಂಡು ಬಂದಿದ್ದೇವೆ. ಮರದ ಬೀಜಗಳ ಎಣ್ಣೆಯಿಂದ ಈ ಎಂಜಿನುಗಳನ್ನು ಓಡಿಸಬಹುದೇ, ಹಾಗೆ ಓಡಿಸಿದರೆ ಹೊಗೆ ಕಡಿಮೆಯಾದೀತೇ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ನಾನು ಕಲಾ ವಿಭಾಗದ ವಿದ್ಯಾರ್ಥಿ, ಎಂಜಿನಿಯರನಲ್ಲ. ಆದರೆ ನನ್ನ ತಂದೆಯವರು ಮಲ್ಪೆಯ ದೋಣಿಯೊಂದರಲ್ಲಿ ಎಂಜಿನನ್ನು ನೋಡಿಕೊಳ್ಳುವವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗನಾದುದರಿಂದ, ಪುಸ್ತಕ ನೋಡಿ ಹೇಳಬೇಕಾದುದನ್ನೆಲ್ಲ ನನ್ನನ್ನೇ ಕೇಳುವುದು ಅವರ ರೂಢಿ. "ಹೋಟೆಲಿನಲ್ಲಿ ಕರಿದು ಉಳಿದ ಎಣ್ಣೆಯನ್ನು ಸೋಸಿ ಡೀಸೆಲಿಗೆ ಬೆರೆಸಿದರೆ ಖರ್ಚು ಉಳಿಯುತ್ತದಂತೆ, ಹೌದಾ ಮಗಾ?" ಎಂದು ಅವರು ಒಮ್ಮೆ ಕೇಳಿದರು. ದೋಣಿಯ ಎಂಜಿನು ಕೆಟ್ಟರೆ ದುರಸ್ತಿಯ ಖರ್ಚಿನಷ್ಟಕ್ಕೇ ಮುಗಿಯುವುದಿಲ್ಲ; ನಡುಗಡಲಿನಲ್ಲಿ ನಿಂತ ದೋಣಿಯಲ್ಲಿ ಜನರ ಜೀವವೂ ಇರುತ್ತದೆ. ಆದುದರಿಂದ ಹೌದು ಎನ್ನುವ ಮೊದಲು ವಿಷಯವನ್ನು ಓದಿ ತಿಳಿಯಬೇಕಾಯಿತು.

ಎಣ್ಣೆಯಿಂದ ಎಂಜಿನು ಓಡಿಸುವ ವಿಚಾರ ಹೊಸದೇನಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲನ ಎಂಜಿನು 1897ರಲ್ಲಿ ಯಶಸ್ವಿಯಾಯಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂತಹುದೇ ಒಂದು ಸಣ್ಣ ಎಂಜಿನನ್ನು ನೆಲಗಡಲೆ ಎಣ್ಣೆಯಿಂದ ಓಡಿಸಿ ತೋರಿಸಲಾಯಿತು. ಅದು ಎಷ್ಟು ಸುಗಮವಾಗಿ ಓಡಿತೆಂದರೆ ವ್ಯತ್ಯಾಸವನ್ನು ಗುರುತಿಸಿದವರು ಕೆಲವರೇ ಎಂದು ಡೀಸೆಲನೇ 1912ರಲ್ಲಿ ಹೇಳಿದ್ದಾನೆ. ಮುಂದೆ ನೆಲದಡಿಯ ಎಣ್ಣೆ ಅಗ್ಗವಾಗಿ ದೊರೆತುದರಿಂದ ಬೀಜದ ಎಣ್ಣೆಯ ಮಾತು ಹಿಂದೆ ಬಿದ್ದಿತು.

ಹಾಗಾದರೆ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಸುರಿದರೇನು? ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಒತ್ತಿ ಒತ್ತಿ ಹದಿನೈದು ಇಪ್ಪತ್ತನೆಯ ಒಂದು ಪಾಲಿಗೆ ಇಳಿಸಿದಾಗ ಆ ಗಾಳಿ 500 ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಕಾದ ಗಾಳಿಗೆ ಇಂಧನವನ್ನು ಮಂಜಿನಂತೆ ಸಿಂಪಡಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಂಧನ ತೆಳುವಾಗಿದ್ದಷ್ಟೂ ಹನಿ ಸಣ್ಣದು. ಹನಿ ಸಣ್ಣದಾದಷ್ಟೂ ಅದು ಪೂರ್ಣವಾಗಿ ಉರಿಯುತ್ತದೆ. ಬೀಜದ ಎಣ್ಣೆಯಾದರೋ ಡೀಸೆಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಅದರ ದಪ್ಪ ಹನಿಗಳು ಅರೆಬರೆ ಉರಿದು, ಸಿಂಪಡಿಸುವ ನಳಿಗೆಯ ಬಾಯಿಯಲ್ಲಿ ಮಸಿ ಕಟ್ಟುತ್ತವೆ; ಪಿಸ್ಟನ್ ಬಳೆಗಳು ಅಂಟಿಕೊಳ್ಳುತ್ತವೆ; ಎಂಜಿನಿನ ಕೀಲೆಣ್ಣೆ ಗಟ್ಟಿಯಾಗುತ್ತದೆ. ಮೊದಲ ಕೆಲವು ದಿನ ಎಂಜಿನು ಚೆನ್ನಾಗಿಯೇ ಓಡುವುದರಿಂದ ಈ ಕೇಡು ಕಣ್ಣಿಗೆ ಬೀಳುವುದಿಲ್ಲ. ತಂದೆಯವರ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ: ಸೋಸಿದರೆ ಕಸ ಹೋಗುತ್ತದೆಯೇ ಹೊರತು ಮಂದತನ ಹೋಗುವುದಿಲ್ಲ.

ಈ ಮಂದತನವನ್ನು ಕಳೆಯುವುದಕ್ಕೆ ರಸಾಯನಶಾಸ್ತ್ರ ಒಂದು ದಾರಿ ತೋರಿಸಿದೆ. ಎಣ್ಣೆಯ ಪ್ರತಿಯೊಂದು ಅಣುವಿನಲ್ಲಿಯೂ ಮೂರು ಕೊಬ್ಬಿನಾಮ್ಲಗಳ ಸರಪಳಿಗಳು ಒಂದು ಗ್ಲಿಸರಿನ್ನಿಗೆ ಅಂಟಿಕೊಂಡಿರುತ್ತವೆ. ಸ್ವಲ್ಪ ಕಾಸ್ಟಿಕ್ ಸೋಡಾವನ್ನು ಮೆಥನಾಲಿನಲ್ಲಿ ಕರಗಿಸಿ, ಬಿಸಿಮಾಡಿದ ಎಣ್ಣೆಯೊಡನೆ ಕಲಕಿದರೆ ಆ ಸರಪಳಿಗಳು ಗ್ಲಿಸರಿನ್ನನ್ನು ಬಿಟ್ಟು ಮೆಥನಾಲನ್ನು ಹಿಡಿದುಕೊಳ್ಳುತ್ತವೆ. ಭಾರವಾದ ಗ್ಲಿಸರಿನ್ ಕೆಳಗಿಳಿಯುತ್ತದೆ. ಮೇಲೆ ಉಳಿದ ತೆಳು ದ್ರವವನ್ನು ತೊಳೆದು ಒಣಗಿಸಿದರೆ ಅದೇ ಬಯೋಡೀಸೆಲ್. ನೂರು ಕಿಲೋ ಎಣ್ಣೆಯಿಂದ ಹೆಚ್ಚು ಕಡಿಮೆ ನೂರು ಕಿಲೋ ಬಯೋಡೀಸೆಲೂ, ಹತ್ತು ಕಿಲೋದಷ್ಟು ಗ್ಲಿಸರಿನ್ನೂ ದೊರೆಯುತ್ತವೆ. ಬೆಲ್ಜಿಯಂ ದೇಶದಲ್ಲಿ ಶಾವಾನ್ ಎಂಬವರು 1937ರಲ್ಲಿಯೇ ಇಂತಹ ಇಂಧನಕ್ಕೆ ಪೇಟೆಂಟ್ ಪಡೆದರು; 1938ರಲ್ಲಿ ಬ್ರಸೆಲ್ಸಿನಿಂದ ಲೂವೇನಿಗೆ ಹೋಗುವ ಬಸ್ಸೊಂದನ್ನು ತಾಳೆ ಎಣ್ಣೆಯ ಇಂಧನದಿಂದ ಓಡಿಸಿದ್ದೂ ಉಂಟು.

ಇನ್ನು ಹೊಗೆಯ ಮಾತು. ಬಯೋಡೀಸೆಲಿನ ತೂಕದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಆಮ್ಲಜನಕವೇ ಇದೆ. ಆದುದರಿಂದ ಉರಿಯುವಾಗ ಗಾಳಿ ಸಾಲದೆ ಮಸಿಯಾಗುವುದು ಕಡಿಮೆ. ಗಂಧಕವಂತೂ ಇಲ್ಲವೆನ್ನುವಷ್ಟು ಅಲ್ಪ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಲಾರಿ ಎಂಜಿನುಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2002ರಲ್ಲಿ ಲೆಕ್ಕಹಾಕಿತು. ಡೀಸೆಲಿಗೆ ಶೇಕಡಾ 20ರಷ್ಟು ಸೋಯಾ ಬಯೋಡೀಸೆಲ್ ಬೆರೆಸಿದಾಗ ಮಸಿಯ ಕಣಗಳು ಶೇಕಡಾ 10ರಷ್ಟು, ಇಂಗಾಲದ ಮಾನಾಕ್ಸೈಡ್ 11ರಷ್ಟು, ಉರಿಯದೆ ಉಳಿದ ಇಂಧನದ ಆವಿ 21ರಷ್ಟು ತಗ್ಗಿದ್ದವು. ಡೀಸೆಲ್ ಹೊಗೆಯು ಕ್ಯಾನ್ಸರ್ ತರಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ತೀರ್ಮಾನಿಸಿದೆ. ದೋಣಿಯ ಎಂಜಿನ್ ಕೋಣೆಯಲ್ಲಿ ದಿನಗಟ್ಟಲೆ ಉಸಿರಾಡುವವರಿಗೆ ಇವು ಬರಿಯ ಅಂಕಿಗಳಲ್ಲ.

ಆದರೆ ನಾಣ್ಯಕ್ಕೆ ಎರಡನೆಯ ಮುಖವೂ ಇದೆ. ಅದೇ ಲೆಕ್ಕದಲ್ಲಿ ಸಾರಜನಕದ ಆಕ್ಸೈಡುಗಳು ಶೇಕಡಾ 2ರಷ್ಟು ಹೆಚ್ಚಿದ್ದವು. ಅತಿಯಾದ ಕಾವಿನಲ್ಲಿ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಸೇರಿ ಆಗುವ ಈ ಅನಿಲಗಳು ಶ್ವಾಸಕೋಶಕ್ಕೆ ಕೆಟ್ಟವು. ಇಂಧನ ಸಿಂಪಡಿಸುವ ಗಳಿಗೆಯನ್ನು ತುಸು ಹಿಂದೂಡುವುದು, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನಿಗೇ ಕಳುಹಿಸಿ ಉರಿಯ ಕಾವನ್ನು ಇಳಿಸುವುದು, ಹೊಗೆನಳಿಗೆಯಲ್ಲಿ ಯೂರಿಯಾ ದ್ರಾವಣ ಸಿಂಪಡಿಸುವುದು ಇದಕ್ಕೆ ಪರಿಹಾರಗಳು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಹೊಸ ವಾಹನಗಳಲ್ಲಿ ಇಂತಹ ಏರ್ಪಾಡುಗಳಿವೆ. ಹಳೆಯ ಎಂಜಿನುಗಳಲ್ಲಿ ಇಲ್ಲ. ಮೇಲಾಗಿ ಬಯೋಡೀಸೆಲ್ ನೀರನ್ನು ಹೀರಿಕೊಳ್ಳುತ್ತದೆ, ಹೆಚ್ಚು ಕಾಲ ಇಟ್ಟರೆ ಕೆಡುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಲೀಟರೊಂದರಲ್ಲಿ ಡೀಸೆಲಿಗಿಂತ ಸುಮಾರು ಶೇಕಡಾ 8ರಷ್ಟು ಶಕ್ತಿಯೂ ಕಡಿಮೆ. ಕರಾವಳಿಯ ತೇವದಲ್ಲಿ ಇವೆಲ್ಲವನ್ನೂ ನೆನಪಿಡಬೇಕು.

ಎಣ್ಣೆಯನ್ನು ಎಲ್ಲಿಂದ ತರುವುದು? ಉಣ್ಣುವ ಎಣ್ಣೆಯನ್ನು ಎಂಜಿನಿಗೆ ಉಣಿಸುವುದು ನ್ಯಾಯವಲ್ಲ. ನಮ್ಮಲ್ಲಿ ಹೊಂಗೆಯಿದೆ; ಅದರ ಬೀಜದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆ, ಉಳಿದ ಹಿಂಡಿ ಗದ್ದೆಗೆ ಗೊಬ್ಬರ. ಕಡಲ ತೀರದಲ್ಲಿ ಸುರಹೊನ್ನೆಯಿದೆ. ವಿದ್ಯುತ್ತು ಬರುವ ಮೊದಲು ಈ ಸೀಮೆಯ ಮನೆಗಳಲ್ಲಿ ಹೊನ್ನೆಯೆಣ್ಣೆಯ ದೀಪ ಉರಿಯುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸರು 1990ರ ದಶಕದ ಕೊನೆಯ ಹೊತ್ತಿಗೆ ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆಯೆಣ್ಣೆಯಿಂದಲೇ ಜನರೇಟರು ಓಡಿಸುವ ಕೆಲಸಕ್ಕೆ ಕೈಹಾಕಿದರು. ಒಂದೇ ವೇಗದಲ್ಲಿ ನಿಂತಲ್ಲೇ ಓಡುವ ಜನರೇಟರಿಗೂ ಕಡಲಿನಲ್ಲಿ ಬಲೆ ಎಳೆಯುವ ಎಂಜಿನಿಗೂ ವ್ಯತ್ಯಾಸವಿದೆಯಾದರೂ, ಹಳ್ಳಿಯ ಮರ ಹಳ್ಳಿಗೆ ಶಕ್ತಿ ಕೊಡಬಲ್ಲುದೆಂಬುದನ್ನು ಆ ಪ್ರಯತ್ನ ತೋರಿಸಿತು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವೂ ಬೆಳೆಯಿತು.

ಮೂರನೆಯದು ಕರಿದ ಎಣ್ಣೆ. ಗೋಳಿಬಜೆ, ಬನ್ಸುಗಳ ನಾಡಾದ ಉಡುಪಿಯಲ್ಲಿ ಇದಕ್ಕೆ ಕೊರತೆಯಿಲ್ಲ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ದೇಹಕ್ಕೆ ಹಾನಿಯಾದುದರಿಂದ, ಅದನ್ನು ಹೋಟೆಲುಗಳಿಂದ ಸಂಗ್ರಹಿಸಿ ಬಯೋಡೀಸೆಲ್ ಮಾಡಿಸುವ ಯೋಜನೆಯನ್ನು ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಆರಂಭಿಸಿತು. ಕರಿದ ಎಣ್ಣೆಯಲ್ಲಿಯೂ ಹೊನ್ನೆಯೆಣ್ಣೆಯಲ್ಲಿಯೂ ಹುಳಿ ಹೆಚ್ಚು; ನೇರವಾಗಿ ಕಾಸ್ಟಿಕ್ ಹಾಕಿದರೆ ಸಾಬೂನಾಗುತ್ತದೆ. ಮೊದಲು ಆಮ್ಲದಿಂದ ಸಂಸ್ಕರಿಸಬೇಕು. ಆದುದರಿಂದ ಇದು ಹಿತ್ತಲಿನಲ್ಲಿ ಮಾಡುವ ಕೆಲಸವಲ್ಲ, ಐ.ಎಸ್. 15607 ಎಂಬ ಮಾನಕಕ್ಕೆ ಒಪ್ಪುವಂತೆ ಪರೀಕ್ಷಿಸುವ ಕಾರ್ಖಾನೆಯ ಕೆಲಸ.

2018ರ ರಾಷ್ಟ್ರೀಯ ನೀತಿಯು 2030ರೊಳಗೆ ಡೀಸೆಲಿನಲ್ಲಿ ಶೇಕಡಾ 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ಗುರಿ ಚಿಕ್ಕದಾಗಿ ಕಂಡರೂ ಸುಲಭವಲ್ಲ. ವಿದ್ಯೆಗಿಂತ ಹೆಚ್ಚಾಗಿ ಬೀಜವನ್ನು ಆಯುವ ಕೈಗೆ ತಕ್ಕ ಕೂಲಿ, ಅದನ್ನು ಕೊಳ್ಳುವ ಮಾರುಕಟ್ಟೆ, ಹೋಟೆಲಿನ ಡಬ್ಬಿಯಿಂದ ಕಾರ್ಖಾನೆಗೆ ಒಂದು ನಂಬಿಕೆಯ ದಾರಿ ಬೇಕಾಗಿವೆ. ಇವು ಅರ್ಥಶಾಸ್ತ್ರದ ಪ್ರಶ್ನೆಗಳು; ಕಲಾ ವಿದ್ಯಾರ್ಥಿಗಳಾದ ನಮಗೂ ಸೇರಿದವು. ಹಿತ್ತಲ ಗಿಡ ಮದ್ದಲ್ಲವೆಂದು ಹೊಂಗೆ ಹೊನ್ನೆಗಳನ್ನು ಮರೆಯುವುದೂ ಸರಿಯಲ್ಲ, ಮದ್ದೆಂದು ಅರೆಯದೆ ನುಂಗುವುದೂ ಸರಿಯಲ್ಲ. ಮದ್ದನ್ನು ಹದವರಿತು ಮಾಡಬೇಕು.