ಕಬ್ಬಿಣವನ್ನು ತಿನ್ನುವ ತುಕ್ಕು

ಮಳೆಗಾಲದಲ್ಲಿ ಹಿತ್ತಲಿನ ಬೇಲಿಯ ಬಳಿ ಮರೆತುಬಿಟ್ಟ ಕುಡುಗೋಲನ್ನು ಕೆಲವು ದಿನಗಳ ಅನಂತರ ಕೈಗೆತ್ತಿಕೊಂಡರೆ, ಅದರ ಅಲಗಿನ ಮೇಲೆ ಕೆಂಗಂದು ಬಣ್ಣದ ಪುಡಿ ಹರಡಿರುವುದನ್ನು ಕಾಣುತ್ತೇವೆ. ಇದೇ ತುಕ್ಕು. ಕುಡುಗೋಲನ್ನು ಮಸೆದರೆ ಅದು ಮತ್ತೆ ಹೊಳೆಯುತ್ತದೆ. ಆದರೆ ಮೋಟಾರು ವಾಹನದ ಅಡಿಭಾಗವನ್ನು ಸೇರಿದ ತುಕ್ಕನ್ನು ನೀಗುವುದು ಅಷ್ಟು ಸುಲಭವಲ್ಲ. ಅದನ್ನು ಅಲಕ್ಷಿಸಿದರೆ ಪ್ರಯಾಣಿಕರ ಪ್ರಾಣಕ್ಕೇ ಸಂಚಕಾರ ಬರಬಹುದು.

ತುಕ್ಕು ಹೊರಗಿನಿಂದ ಬಂದು ಅಂಟಿಕೊಳ್ಳುವ ಕೊಳೆಯಲ್ಲ. ಅದು ರೂಪಾಂತರ ಹೊಂದಿದ ಕಬ್ಬಿಣವೇ ಆಗಿದೆ. ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಇವೆರಡೂ ಒಟ್ಟಿಗೆ ತಗುಲಿದಾಗ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಂಡು, ಕ್ರಮೇಣ ನೀರಿನಂಶವುಳ್ಳ ಕಬ್ಬಿಣದ ಆಕ್ಸೈಡಾಗಿ ಮಾರ್ಪಡುತ್ತವೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಈ ಕ್ರಿಯೆಯು ಇನ್ನೂ ತೀವ್ರಗೊಳ್ಳುತ್ತದೆ. ಮಂಗಳೂರು, ಕಾರವಾರಗಳಂತಹ ಕಡಲತೀರದ ಊರುಗಳಲ್ಲಿ ವಾಹನಗಳಿಗೆ ತುಕ್ಕು ಬೇಗನೆ ಹಿಡಿಯಲು ಇದೇ ಕಾರಣ. ಅಲ್ಯೂಮಿನಿಯಮ್ಮಿನ ಮೇಲೆ ಕೂಡುವ ಆಕ್ಸೈಡಿನ ಪದರವು ಬಿಗಿಯಾಗಿ ನಿಂತು ಒಳಗಿನ ಲೋಹವನ್ನು ಕಾಯುತ್ತದೆ. ತುಕ್ಕಾದರೋ ಸಡಿಲವಾದುದು. ಅದರ ರಂಧ್ರಗಳ ಮೂಲಕ ತೇವವು ಒಳಕ್ಕಿಳಿದು ಉಳಿದ ಕಬ್ಬಿಣವನ್ನೂ ತಿನ್ನುತ್ತದೆ.

ವಾಹನದ ಭಾರವನ್ನು ಹೊತ್ತು, ರಸ್ತೆಯ ಕುಲುಕಾಟವನ್ನು ತಗ್ಗಿಸುವ ಏರ್ಪಾಟಿಗೆ ಸಸ್ಪೆನ್ಷನ್ ಎಂದು ಹೆಸರು. ಸ್ಪ್ರಿಂಗುಗಳು, ತೋಳುಗಳು ಹಾಗೂ ಅವುಗಳನ್ನು ಬಂಧಿಸುವ ಬೋಲ್ಟುಗಳು ಇದರ ಮುಖ್ಯ ಅಂಗಗಳು. ಚಕ್ರಗಳು ಎರಚುವ ಕೆಸರುನೀರು ಮೊದಲು ಬೀಳುವುದು ಇವುಗಳ ಮೇಲೆಯೇ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಆದುದರಿಂದ ಬೋಲ್ಟಿಗೂ ನಟ್ಟಿಗೂ ನಡುವೆ ಇರುವ ಕೂದಲೆಳೆಯಷ್ಟು ತೆರವು ತುಂಬಿಹೋಗಿ, ಅವು ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತವೆ.

ಇಂತಹ ಬೋಲ್ಟನ್ನು ಕೇವಲ ಬಲಪ್ರಯೋಗದಿಂದ ತಿರುಗಿಸಹೊರಟರೆ ಅದು ಮುರಿಯುವುದೇ ಹೆಚ್ಚು. ಅನುಭವಿಯಾದ ಮೆಕ್ಯಾನಿಕ್ ಆತುರಪಡುವುದಿಲ್ಲ. ಆತನು ಮೊದಲು ತಂತಿಯ ಬ್ರಷ್ಷಿನಿಂದ ಮೇಲಿನ ತುಕ್ಕನ್ನು ಉಜ್ಜಿ ತೆಗೆಯುತ್ತಾನೆ. ಬಳಿಕ ಸಂದುಗಳಿಗೆ ಇಳಿಯಬಲ್ಲ ತೆಳುವಾದ ಎಣ್ಣೆಯನ್ನು ಹಾಕಿ ರಾತ್ರಿಯೆಲ್ಲ ಹಾಗೆಯೇ ಬಿಡುತ್ತಾನೆ. ಮರುದಿನ ಬೋಲ್ಟನ್ನು ಸ್ವಲ್ಪ ಬಿಗಿಮಾಡಿ, ಸ್ವಲ್ಪ ಸಡಿಲಿಸಿ, ಹೀಗೆ ಹಿಂದೆಮುಂದೆ ಅಲುಗಿಸುತ್ತ ಹೊರತೆಗೆಯುತ್ತಾನೆ. ಕೆಲವೊಮ್ಮೆ ನಟ್ಟನ್ನು ಕಾಯಿಸುವುದೂ ಉಂಟು. ಕಾದ ನಟ್ಟು ಹಿಗ್ಗುವುದರಿಂದ ತುಕ್ಕಿನ ಹಿಡಿತ ತಪ್ಪುತ್ತದೆ. ಆದರೆ ಸ್ಪ್ರಿಂಗಿಗೆ ಉರಿ ತಾಗಿದರೆ ಉಕ್ಕಿನ ಹದ ಕೆಡುತ್ತದೆ. ಎಣ್ಣೆಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅದುಮಿಟ್ಟ ಸ್ಪ್ರಿಂಗು ಒಮ್ಮೆಲೆ ಸಿಡಿದರೆ ಮಾರಣಾಂತಿಕ ಪೆಟ್ಟಾಗಬಹುದು. ಆದುದರಿಂದ ಇದು ತಕ್ಕ ತರಬೇತಿ ಪಡೆದವರೇ ಮಾಡತಕ್ಕ ಕೆಲಸ.

ಬಿಚ್ಚಿದ ಭಾಗಗಳಿಗೆ ರಾಸಾಯನಿಕ ವಿಧಾನಗಳೂ ಇವೆ. ಹುಣಸೆಹಣ್ಣಿನಿಂದ ತಾಮ್ರದ ತಂಬಿಗೆಯ ಕಿಲುಬನ್ನು ತೆಗೆಯುವುದನ್ನು ನೀವು ನೋಡಿರಬಹುದು. ಅದರಲ್ಲಿರುವ ಆಮ್ಲವು ಕಿಲುಬನ್ನು ಕರಗಿಸುತ್ತದೆ. ಅಂತೆಯೇ ಫಾಸ್ಫಾರಿಕ್ ಆಮ್ಲವು ತುಕ್ಕನ್ನು ಕರಗಿಸಿ, ಕಬ್ಬಿಣದ ಮೇಲೆ ಫಾಸ್ಫೇಟಿನ ತೆಳುಪದರವನ್ನು ಉಳಿಸುತ್ತದೆ. ಆದರೆ ಸ್ಪ್ರಿಂಗಿನಂತಹ ಗಡಸು ಉಕ್ಕನ್ನು ಆಮ್ಲದಲ್ಲಿ ನೆನೆಸಬಾರದು. ಆಗ ಹುಟ್ಟುವ ಜಲಜನಕವು ಉಕ್ಕಿನೊಳಕ್ಕೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಮೇಲೆ ಹೊಳೆಯುವ ಸ್ಪ್ರಿಂಗು ಮುಂದೊಂದು ದಿನ ಥಟ್ಟನೆ ಮುರಿದುಬೀಳಬಹುದು.

ತುಕ್ಕು ತೆಗೆದ ಮೇಲೆ ಭಾಗವನ್ನು ಚೆನ್ನಾಗಿ ಒಣಗಿಸಿ, ಕೂಡಲೇ ಬಣ್ಣವನ್ನೋ ಗ್ರೀಸನ್ನೋ ಲೇಪಿಸಬೇಕು. ಇಲ್ಲವಾದರೆ ಅದು ಪುನಃ ತುಕ್ಕು ಹಿಡಿಯುತ್ತದೆ. ಇದಕ್ಕೂ ಮುಖ್ಯವಾದ ವಿಷಯವೊಂದಿದೆ. ನಾವು ಉಜ್ಜಿ ತೆಗೆದ ತುಕ್ಕು ಒಂದು ಕಾಲಕ್ಕೆ ಆ ಭಾಗದ ಬಲವಾಗಿದ್ದ ಕಬ್ಬಿಣ. ಯಾವ ಎಣ್ಣೆಯೂ, ಯಾವ ಆಮ್ಲವೂ ಅದನ್ನು ಮರಳಿ ತಂದುಕೊಡಲಾರದು. ಸವೆದು ತೆಳುವಾದ ಬೋಲ್ಟಿಗೆ ಬಣ್ಣ ಬಳಿದು ಮತ್ತೆ ಜೋಡಿಸುವುದು ಅಪಾಯವನ್ನು ಮರೆಮಾಡಿದಂತೆಯೇ ಸರಿ. ಅದರ ಸ್ಥಾನದಲ್ಲಿ ಹೊಸದನ್ನೇ ಹಾಕತಕ್ಕದ್ದು. ಎಷ್ಟು ತುಕ್ಕನ್ನು ತೆಗೆದೆವು ಎಂಬುದಕ್ಕಿಂತ, ಎಷ್ಟು ಕಬ್ಬಿಣ ಉಳಿದಿದೆ ಎಂಬುದನ್ನು ಅರಿಯುವುದೇ ನಿಜವಾದ ಕುಶಲತೆ.